ಒಂದು ಚುಕ್ಕೆ ಉಗುರುಬಣ್ಣ

ಮಕ್ಕಳೇ, ಉಗುರಿಗೆ ಹಚ್ಚುವ ಬಣ್ಣದಿಂದ ಕಂಪ್ಯೂಟರಿನ ವೇಗ ಹೆಚ್ಚಿಸಬಹುದು ಎಂದರೆ ನಂಬುತ್ತೀರಾ? ನಾನು ಹಾಗೆ ಮಾಡಿದ್ದೆ. ಆಮೇಲೆ ಏನಾಯಿತು? ಹೇಳುತ್ತೇನೆ, ಕೇಳಿ.

ಅದು 2000ನೇ ಇಸವಿ. ನಾನಾಗ ಹೈಸ್ಕೂಲಿನಲ್ಲಿದ್ದೆ. ನನ್ನ ಅಕ್ಕ ಸಾಲ ಮಾಡಿ ಒಂದು ಕಂಪ್ಯೂಟರ್ ಕೊಂಡಿದ್ದಳು. ಮದುವೆಯ ಕಾಗದಗಳನ್ನು ಅದರಲ್ಲಿ ಟೈಪು ಮಾಡಿ ಪ್ರೆಸ್ಸಿಗೆ ಕೊಡುತ್ತಿದ್ದಳು. ಆ ಸಂಪಾದನೆಯಿಂದಲೇ ಸಾಲದ ಕಂತು ತೀರಬೇಕಿತ್ತು.

ಅದರೊಳಗೆ ಇದ್ದುದು ಇಂಟೆಲ್ ಸಂಸ್ಥೆ 1998ರಲ್ಲಿ ಹೊರತಂದ ಸೆಲೆರಾನ್ 300ಎ ಎಂಬ ಪ್ರೊಸೆಸರ್. ಲೆಕ್ಕಾಚಾರವನ್ನೆಲ್ಲ ಮಾಡುವ ಭಾಗವೇ ಪ್ರೊಸೆಸರ್. ಅದನ್ನು ಕೂರಿಸುವ ದೊಡ್ಡ ಹಲಗೆಯೇ ಮದರ್‌ಬೋರ್ಡ್.

ನೀವು ಯಕ್ಷಗಾನ ನೋಡಿದ್ದೀರಲ್ಲವೇ? ಭಾಗವತರ ತಾಳಕ್ಕೆ ತಕ್ಕಂತೆ ವೇಷಧಾರಿ ಹೆಜ್ಜೆ ಹಾಕುತ್ತಾನೆ. ಇಲ್ಲಿಯೂ ಹಾಗೆಯೇ. ಮದರ್‌ಬೋರ್ಡಿನ ಒಂದು ತಾಳಕ್ಕೆ ಈ ಪ್ರೊಸೆಸರ್ ನಾಲ್ಕೂವರೆ ಹೆಜ್ಜೆ ಹಾಕುತ್ತದೆ. ಸೆಕೆಂಡಿಗೆ 6.6 ಕೋಟಿ ತಾಳವಾದರೆ ಸುಮಾರು 30 ಕೋಟಿ ಹೆಜ್ಜೆ. ತಾಳವನ್ನು 10 ಕೋಟಿಗೆ ಏರಿಸಿದರೆ? ಗುಣಿಸಿ ನೋಡಿ. 45 ಕೋಟಿ!

ನಮ್ಮ ಮದರ್‌ಬೋರ್ಡಿಗೆ ಎರಡೂ ತಾಳ ಗೊತ್ತಿತ್ತು. ಆದರೆ ತಾಳ ಬದಲಿಸುವ ಅವಕಾಶ ನಮಗಿರಲಿಲ್ಲ. ಪ್ರೊಸೆಸರಿನ ಅಂಚಿನಲ್ಲಿ ಚಿನ್ನದ ಬಣ್ಣದ 242 ಸಣ್ಣ ಪಟ್ಟಿಗಳಿದ್ದವು. ಅವುಗಳನ್ನು ಪಿನ್ನುಗಳೆಂದು ಕರೆಯುತ್ತಿದ್ದರು. ಬಿ21 ಎಂಬ ಪಿನ್ನಿನಿಂದ ಬರುವ ಸೂಚನೆಯಂತೆ ಮದರ್‌ಬೋರ್ಡ್ ತಾಳವನ್ನು ಆರಿಸುತ್ತಿತ್ತು. ಅದನ್ನು ಮುಚ್ಚಿದರೆ ಇದು ವೇಗದ ಪ್ರೊಸೆಸರ್ ಎಂದು ತಿಳಿಯುತ್ತಿತ್ತು. ಉಗುರುಬಣ್ಣದಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದ್ದರಿಂದ ಒಂದು ಚುಕ್ಕೆ ಹಚ್ಚಿದರೆ ಸಾಕು. ಇದನ್ನು ಹೇಳಿಕೊಟ್ಟವರು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ನನ್ನ ಗೆಳೆಯನ ಅಣ್ಣ.

ಅಕ್ಕ ಪೇಟೆಗೆ ಹೋಗಿದ್ದ ದಿನ ನಾನು ಕಂಪ್ಯೂಟರ್ ಬಿಚ್ಚಿದೆ. ಅವಳದೇ ಕೆಂಪು ಉಗುರುಬಣ್ಣವನ್ನು ಬೆಂಕಿಕಡ್ಡಿಯ ತುದಿಯಿಂದ ಬಿ21ಕ್ಕೆ ಹಚ್ಚಿದೆ. ಒಣಗಿದ ಮೇಲೆ ಜೋಡಿಸಿ ಸ್ವಿಚ್ ಹಾಕಿದೆ. ಪರದೆಯ ಮೇಲೆ 450 ಎಂಬ ಅಂಕೆ ಮೂಡಿತು! ನಾನು ಕುಣಿದಾಡಿದೆ. ಅಕ್ಕನಿಗೆ ಮಾತ್ರ ಹೇಳಲಿಲ್ಲ.

ಎರಡು ದಿನ ಎಲ್ಲವೂ ಸರಿಯಾಗಿತ್ತು. ಮೂರನೆಯ ದಿನ ಎಪ್ರಿಲ್ ತಿಂಗಳ ಸುಡುಬಿಸಿಲು. ಸಂಜೆಗೆ ಕೊಡಬೇಕಾದ ಕಾಗದವನ್ನು ಅಕ್ಕ ಟೈಪು ಮಾಡುತ್ತಿದ್ದಳು. ಪರದೆ ಥಟ್ಟನೆ ಸ್ತಬ್ಧವಾಯಿತು. ಟೈಪು ಮಾಡಿದ್ದೆಲ್ಲ ಹೋಯಿತು. ಹೆಜ್ಜೆ ಹೆಚ್ಚಿದಂತೆ ಪ್ರೊಸೆಸರಿನ ಬಿಸಿಯೂ ಹೆಚ್ಚುತ್ತದೆ. ಆ ಬಿಸಿಯನ್ನು ಹೊರಹಾಕಲು ಅದರ ಪುಟ್ಟ ಫ್ಯಾನಿಗೆ ಸಾಧ್ಯವಾಗಿರಲಿಲ್ಲ.

ಅಕ್ಕನ ಕಣ್ಣಲ್ಲಿ ನೀರು ಕಂಡು ನನಗೆ ತಡೆಯಲಾಗಲಿಲ್ಲ. ನಡೆದುದನ್ನೆಲ್ಲ ಹೇಳಿಬಿಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹೊಸತು ಕಲಿತದ್ದು ತಪ್ಪಲ್ಲ ತಮ್ಮಾ. ನನ್ನನ್ನು ಒಂದು ಮಾತು ಕೇಳಬೇಕಿತ್ತು" ಎಂದಳು.

ನಾನು ಬಣ್ಣವನ್ನು ಒರೆಸಿ ತೆಗೆದೆ. ಕಂಪ್ಯೂಟರ್ ಮತ್ತೆ ಮೊದಲಿನಂತೆ ನಡೆಯಿತು. ಅಕ್ಕ ಊಟಕ್ಕೂ ಏಳದೆ ಕಾಗದವನ್ನು ಮತ್ತೆ ಟೈಪು ಮಾಡಿದಳು. ನಾನು ಪಕ್ಕದಲ್ಲಿ ಕುಳಿತು ಹೆಸರುಗಳನ್ನು ಓದಿ ಹೇಳಿದೆ.

ಆಟಿ ತಿಂಗಳು ಬಂತು. ಮದುವೆಗಳಿಲ್ಲ, ಕೆಲಸವೂ ಇಲ್ಲ. ಒಂದು ದಿನ ಅಕ್ಕನೇ ಉಗುರುಬಣ್ಣದ ಸೀಸೆ ತಂದು ಮುಂದಿಟ್ಟಳು. "ಬಾ, ಈಗ ಮಾಡಿ ನೋಡೋಣ" ಎಂದಳು. ಅವಳ ಕೆಲಸಗಳನ್ನೆಲ್ಲ ಮೊದಲು ಫ್ಲಾಪಿಗಳಿಗೆ ನಕಲು ಮಾಡಿದೆವು. ದೊಡ್ಡ ಫ್ಯಾನೊಂದನ್ನು ಜೋಡಿಸಿದೆವು. ಮತ್ತೆ 450 ಮೂಡಿತು. ಈ ಸಲ ಇಬ್ಬರೂ ನಕ್ಕೆವು.

ಮಕ್ಕಳೇ, ಯಂತ್ರಗಳನ್ನು ಬಿಚ್ಚಿ ನೋಡುವ ಆಸೆ ನಿಮಗೂ ಇದೆಯೇ? ಇರಲಿ, ಒಳ್ಳೆಯದೇ. ಆದರೆ ಅದು ಯಾರದು, ಅದನ್ನು ನಂಬಿ ಯಾರ ಕೆಲಸ ನಡೆಯುತ್ತಿದೆ ಎಂದು ಮೊದಲು ಯೋಚಿಸಿ. ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ.