ಕಹಿ ಪೆಕಾನ್ ಮತ್ತು ನಮ್ಮನೆ ಜಡ್ಡಿ

ಬಾಣಂತನದ ನೆಪದಲ್ಲಿ ನಾವಿಬ್ಬರೂ ಮಗಳ ಮನೆಗೆ ಅಮೆರಿಕದ ಲೂಸಿಯಾನಕ್ಕೆ ಹೋಗಿದ್ದೆವು. ಅಲ್ಲಿ ನಾನು ಪೇಟೆ ನೋಡಿದ್ದು ಕಮ್ಮಿ, ಜೌಗು ನೋಡಿದ್ದೇ ಜಾಸ್ತಿ. ಅಚಾಫಲಾಯಾ ನದಿ ಬಯಲಿನ ಹತ್ತಿರ ಪೆಕಾನ್ ಬೆಳೆಗಾರರೊಬ್ಬರ ಪರಿಚಯವಾಯ್ತು. ಪೆಕಾನ್ ಅಂದ್ರೆ ಅಕ್ರೋಟಿನ ದಾಯಾದಿ, ಹಿಕರಿ ಗುಂಪಿನ ಮರ. ಒಳ್ಳೆ ರೇಟಿನ ಬೆಳೆ.

ಅವರ ತೋಟದ ಕೆಳಗೆ ಜೇಡಿಮಣ್ಣಿನ ತಗ್ಗು. ಅಲ್ಲೂ ಪೆಕಾನ್ ಥರದ್ದೇ ಎತ್ತರದ ಮರಗಳು. ಬಿದ್ದಿದ್ದ ಕಾಯಿ ಚಪ್ಪಟೆ, ಸಿಪ್ಪೆಗೆ ನಾಲ್ಕು ಏಣು. ಒಡೆದು ಬಾಯಿಗೆ ಹಾಕ್ಕೊಂಡೆ ನೋಡಿ, ಹಾಗಲಕಾಯಿನೇ ವಾಸಿ! ಅವರು ನಕ್ಕುಬಿಟ್ಟರು. ಅಲ್ಲಿಯವರ ಬಾಯಲ್ಲಿ ಅದು 'ಬಿಟರ್ ಪೆಕಾನ್'. ಪುಸ್ತಕದಲ್ಲಿ ವಾಟರ್ ಹಿಕರಿ, ಕ್ಯಾರಿಯಾ ಅಕ್ವಾಟಿಕಾ.

ಕಾಯಿ ಕಹಿ, ಮರವೂ ಪೆಡಸು, ಒಳಗೇ ಸೀಳು ಬಿಡುತ್ತೆ. ಬೇಲಿ ಗೂಟಕ್ಕೆ, ಸೌದೆಗೆ ಆದೀತು ಅಷ್ಟೆ. ಹಾಗಾಗಿ ನಾಟಾ ಕಡಿಯುವವರು ಒಳ್ಳೆ ಮರಗಳನ್ನೆಲ್ಲ ಒಯ್ದು ಇದನ್ನು ಬಿಟ್ಟುಹೋದರು. ಉಪಯೋಗವಿಲ್ಲ ಅನ್ನಿಸಿಕೊಂಡಿದ್ದೇ ಬದುಕಿತು, ಹಬ್ಬಿತು. ಹಗುರ ಕಾಯಿ, ನೆರೆ ನೀರಲ್ಲಿ ತೇಲಿ ಹೋಗಿ ಬೇರೆ ಕಡೆ ಹುಟ್ಟುತ್ತೆ. ವಸಂತದಲ್ಲಿ ಚಿಗುರುವುದೂ ತಡ.

ಕಾಂಡದ ಮೇಲೆ ನನ್ನ ಎದೆಮಟ್ಟಕ್ಕೆ ಕೆಸರಿನ ಗೆರೆ ಇತ್ತು. ನೆರೆ ಅಷ್ಟು ಎತ್ತರ ನಿಂತಿದ್ದ ಗುರುತು. ಈ ಮರಗಳ ಸಾಲು ನೀರಿನ ಓಟ ತಡೆಯುತ್ತೆ, ಮಣ್ಣು ಅಲ್ಲೇ ತಳ ಸೇರಿ ತಿಳಿನೀರು ಮುಂದೆ ಹೋಗುತ್ತೆ. ಈ ಜಾತಿಯ ದೊಡ್ಡ ಕೆಲಸವೇ ಅದಂತೆ. ರೇಟ್ ಕಟ್ಟುವವರು ಯಾರು?

ಆ ಗೆರೆ ನೋಡುತ್ತಾ ನನಗೆ ನೆನಪಾಗಿದ್ದು ನಮ್ಮನೆ ಜಡ್ಡಿ. ಹನ್ನೆರಡು ವರ್ಷದ ಹಿಂದೆ ಅಡಿಕೆ ಆಸೆಗೆ ಅಲ್ಲಿದ್ದ ರಾಮಪತ್ರೆ ಮರ ಕಡಿಸಿ, ಬಸಿಗಾಲುವೆ ತೋಡಿಸಿದ್ದು ನಾನೇ. ಅಪ್ಪಯ್ಯ ಬೇಡ ಅಂದಿದ್ದ. ಅಡಿಕೆಗೆ ಕೊಳೆ ಬಂತು, ಸಸಿ ಅರ್ಧ ಸತ್ತವು. ಕೆಳಗಿನ ಹಳ್ಳ ಯುಗಾದಿವರೆಗೂ ಹರೀತಿತ್ತು, ಈಗ ಶಿವರಾತ್ರಿಗೇ ಬತ್ತುತ್ತೆ. ನೀರಿಗೆ ತೊಂದರೆಯಾದದ್ದು ನನಗಲ್ಲ, ಕೆಳಗಿನ ಮನೆಯವರಿಗೆ. ಅವರು ಒಂದು ಮಾತು ಆಡಲಿಲ್ಲ. ಅದೇ ಚುಚ್ಚುತ್ತೆ.

ಬಂದ ವಾರವೇ ಬಸಿಗಾಲುವೆ ಬಾಯಿಗೆ ಕಲ್ಲು ಮಣ್ಣು ಹಾಕಿ ಮುಚ್ಚಿದೆ. ಉಳಿದ ಅಡಿಕೆ ಹೋದರೆ ಹೋಗಲಿ. ಈ ಮಳೆಗಾಲಕ್ಕೆ ರಾಮಪತ್ರೆ ಸಸಿ ಬೇಕು. ಬೀಜ ಒಣಗಿದರೆ ಹುಟ್ಟೋದಿಲ್ಲ, ಆದ್ದರಿಂದ ತಾಜಾ ಬೀಜವಾದರೂ ಸರಿ. ಯಾರ ಹತ್ರ ಇದ್ದರೂ ತಿಳಿಸಿ, ನಾನೇ ಬಂದು ಒಯ್ತೇನೆ.