ಪಡಸಾಲ್ಯಾಗ ಒನಕಿ ಬಂದೂಕು

ನಮ್ಮ ಶಿರೋಳದಾಗ ಬಂದೂಕಿನ ಗುರಿ ಕಲಿಯಾಕ ಜಾಗಾ ಎಲ್ಲೈತ್ರಿ ಅಕ್ಕಾರ? ಮಗಳು ಎನ್‌ಸಿಸಿ ಸೇರ್ಯಾಳ. ಕ್ಯಾಂಪಿನ್ಯಾಗ ಪಾಯಿಂಟ್ ಟೂ ಟೂ ರೈಫಲ್, 25 ಮೀಟರ್ ದೂರ, ಕೈಗೆ ಸಿಕ್ಕಿದ್ದು ಐದ ಗುಂಡು. ಐದೂ ಐದು ದಿಕ್ಕಿಗೆ ಹೋದ್ವಂತ. ಅವತ್ತಿಂದ ಮಾರಿ ಸಣ್ಣದು ಮಾಡಿದ್ಲು.

ಸೂಟ್ಯಾಗ ಪಡಸಾಲ್ಯಾಗ ಬೋರಲ ಮಲಗಿ, ಒನಕಿ ಹೆಗಲಿಗೆ ಆನಿಸಿ, 5 ಮೀಟರ್ ಆಚೆ ಗ್ವಾಡಿ ಮ್ಯಾಲಿನ ಚುಕ್ಕಿ ನೋಡಾಕತ್ಲು. ದೂರ ಐದರಾಗ ಒಂದು ಪಾಲು ಆತು, ಚುಕ್ಕೀನೂ ಅಷ್ಟ ಸಣ್ಣದು ಮಾಡಿದ್ರ ಕಣ್ಣಿಗೆ ಎರಡೂ ಒಂದ ಅಂತ. ಒನಕಿ ತುದಿ ಮ್ಯಾಲ ಒಂದು ರೂಪಾಯಿ. ಬೆರಳು ಮಡಚಿದಾಗೊಮ್ಮೆ ಠಣ್ ಅಂತ ಬೀಳೋದು. "ಹೆಣ್ಣುಹುಡುಗಿಗೆ ಇದೆಲ್ಲಾ ಯಾಕ" ಅಂತ ಅತ್ತಿಯಾರ ವಟವಟ ಬ್ಯಾರೆ.

"ಉಸುರು ಬಿಗಿ ಹಿಡದ್ರ ಕೈ ನಡಗತೈತಿ ಯವ್ವಾ."

ನಾ ಕೌದಿ ಹೊಲಿಯಾಕ ಸೂಜಿ ಪೋಣಸಾಕತ್ತಿದ್ದೆ. "ಅರ್ಧ ಬಿಟ್ಟು ನಿಲ್ಲಸವಾ, ನಾ ದಾರ ಹಾಕೋದು ಹಂಗ" ಅಂದೆ.

ರೂಪಾಯಿ ಬೀಳಲಿಲ್ಲ.

ಮೊನ್ನೆ ಕ್ಯಾಂಪಿಂದ ಫೋನ್ ಬಂತು. ನಟ್ಟನಡುವ ಬಿದ್ದಿಲ್ಲ, ಆದ್ರ ಐದೂ ಒಂದ ಕಡೆ ಗುಂಪಾಗ್ಯಾವಂತ. ಕೈ ನಿಂತೈತಿ, ಇನ್ನ ಸೈಟ್ ತಿದ್ದಿದ್ರ ಆತಂತ.

ಅತ್ತಿಯಾರು ಏನೂ ಅನಲಿಲ್ಲ. ಒನಕಿ ಒರಸಿ, ಆಕಿ ಮಲಗೋ ಮೂಲ್ಯಾಗ ಇಟ್ರು.