ಒಂದೂವರೆ ಮೀಟರ್ ಅಗಲ

“ಇನ್ನೂ ಇದೇ ಗಾಡೀನಾ?”

ಈ ಪ್ರಶ್ನೆ ನನ್ನ ಕಿವಿಗೆ ಬೀಳುವುದು ಹೆಚ್ಚಾಗಿ ಮದುವೆ ಮನೆಗಳಲ್ಲಿ. ಊಟ ಆಯ್ತಾ, ಮಗಳು ಎಷ್ಟನೇ ಕ್ಲಾಸು ಎಂಬ ವಿಚಾರಣೆಗಳೆಲ್ಲ ಮುಗಿದು, ತಾಂಬೂಲದ ಚೀಲ ಕೈಗೆ ಬಂದು, ಕಾರಿನವರೆಗೂ ನಡೆದು ಬಂದು ಕಳಿಸಿಕೊಡುವ ಚಿಕ್ಕಪ್ಪ ಕೊನೆಗೆ ಅದನ್ನು ಕೇಳಿಯೇ ಕೇಳುತ್ತಾರೆ. “ಇಬ್ಬರೂ ದುಡೀತೀರಿ. ಒಂದು ದೊಡ್ಡದು ತಗೋಬಾರದೇನಮ್ಮ?” ಅವರ ಮಾತಿನಲ್ಲಿ ಕೊಂಕಿಲ್ಲ, ಬರೀ ಅಕ್ಕರೆ. ಆದರೂ ಮನೆ ಸೇರುವವರೆಗೆ ಅದು ತಲೆಯೊಳಗೆ ಕೊರೆಯುತ್ತಿರುತ್ತದೆ. ಚಿಕ್ಕ ಕಾರು ಎಂದರೆ ಮಗುವಿನ ಅಂಗಿ, ಮೈ ಬೆಳೆದ ಮೇಲೆ ಬಿಚ್ಚಿಡಬೇಕಾದದ್ದು ಎಂದು ನಮ್ಮೂರು ಯಾವಾಗ ತೀರ್ಮಾನ ಮಾಡಿತು?

ನನ್ನದು 2012ರ ಕೊನೆಯಲ್ಲಿ ಕೊಂಡ ಆಲ್ಟೊ 800. 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್ನು, ಸುಮಾರು 700 ಕಿಲೊ ತೂಕ, 3.4 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ. ಬೆಳಿಗ್ಗೆ ಹನುಮಂತನಗರದಿಂದ ಹೊರಟು, ಬಸವೇಶ್ವರನಗರದಲ್ಲಿ ಮಗಳನ್ನು ಶಾಲೆಗೆ ಇಳಿಸಿ, ಕಾರ್ಡ್ ರಸ್ತೆ ಹಿಡಿದು, ಗೊರಗುಂಟೆಪಾಳ್ಯದ ಗದ್ದಲ ದಾಟಿ ಪೀಣ್ಯ ಸೇರುತ್ತೇನೆ. ಹಸಿರು ಮಾರ್ಗದ ಮೆಟ್ರೊ ಪೀಣ್ಯದ ಮೇಲೇ ಹಾದುಹೋಗುತ್ತದೆ, ನಾನೊಬ್ಬಳೇ ಹೋಗುವ ದಿನ ಅದರಲ್ಲೇ ಹೋಗುತ್ತೇನೆ ಕೂಡ. ಆದರೆ ಮಗಳ ಶಾಲೆ, ಸಂಜೆ ಅವಳ ವೀಣೆ ಪಾಠ, ಅಮ್ಮನ ಮಂಡಿಯ ಫಿಸಿಯೋಥೆರಪಿ, ಬರುವ ದಾರಿಯಲ್ಲಿ ಒಂದು ಮೂಟೆ ಅಕ್ಕಿ, ಇವೆಲ್ಲ ನಿಲ್ದಾಣಗಳಿಂದ ದೂರ ಬಿದ್ದಿರುವ ಕೆಲಸಗಳು.

ಪೆಟ್ರೋಲು ಲೀಟರಿಗೆ 100 ರೂಪಾಯಿ ದಾಟಿದ ಮೇಲೂ ನನ್ನ ದಿನದ ಓಡಾಟ ಎರಡು ಲೀಟರಿನಲ್ಲಿ ಮುಗಿಯುತ್ತದೆ. ಜೆ.ಸಿ. ರಸ್ತೆಯಲ್ಲಿ ಇದರ ಸ್ಪೇರ್ ಕೇಳಿದರೆ ಅಂಗಡಿಯವರು ಒಳಗೆ ಹೋಗಿ ಹುಡುಕುವುದಿಲ್ಲ, ಕೂತಲ್ಲಿಂದಲೇ ಕೈ ಚಾಚಿ ತೆಗೆಯುತ್ತಾರೆ. 2020ರ ಹೊತ್ತಿಗೇ 40 ಲಕ್ಷ ಆಲ್ಟೊಗಳು ಮಾರಾಟವಾಗಿದ್ದವು, ಅಷ್ಟು ಮಂದಿಯ ಅಗತ್ಯ ಎಂದ ಮೇಲೆ ಸಾಮಾನು ಕೈಗೆಟುಕುವ ಕಡೆಯೇ ಇರುತ್ತದೆ. ನಮ್ಮ ಮೆಕ್ಯಾನಿಕ್ ಬಾನೆಟ್ ಎತ್ತಿ, “ಕೆಡೋದಕ್ಕೆ ಇದರಲ್ಲಿ ಏನಿದೆ ಹೇಳಿ ಮೇಡಂ” ಎನ್ನುತ್ತಾನೆ. ಹಾಗೆಂದು ಬಿಲ್ಲು ಬರೆಯುವುದನ್ನು ಅವನು ಮರೆಯುವುದಿಲ್ಲ.

ದುಡ್ಡಿನ ಮಾತು ಅಷ್ಟೇ ಸಾಕು. ನಾನು ಹೇಳಬೇಕೆಂದಿರುವುದು ಜಾಗದ ಮಾತು.

ಕಲ್ಯಾಣ ಮಂಟಪದಲ್ಲಿ ಪಾರ್ಕಿಂಗ್ ನೋಡಿಕೊಳ್ಳುವ ಹುಡುಗರು ದೊಡ್ಡ ಗಾಡಿಗಳನ್ನು ಎದುರಿನ ಪೋರ್ಟಿಕೋದಲ್ಲಿ ನಿಲ್ಲಿಸುತ್ತಾರೆ, ನನ್ನದನ್ನು ಹಿಂದುಗಡೆ, ಅಡುಗೆಯವರು ಕೊಳಗ ತೊಳೆಯುವ ಕಡೆಗೆ ಕಳಿಸುತ್ತಾರೆ. ನನಗೆ ಅದರಿಂದ ಒಂದಿಷ್ಟೂ ಬೇಸರವಿಲ್ಲ. ಆ ಮೂಲೆಗೆ ಬೇರೆ ಯಾವ ಕಾರೂ ಹೋಗದು! ಮುಹೂರ್ತ ಮುಗಿದು ಎಲ್ಲರೂ ಒಟ್ಟಿಗೆ ಹೊರಟು, ಪೋರ್ಟಿಕೋದಲ್ಲಿ “ಸ್ವಲ್ಪ ರಿವರ್ಸ್, ಸ್ವಲ್ಪ ರಿವರ್ಸ್” ಎಂಬ ಕೂಗು ನಡೆದಿರುವಾಗ ನಾನು ಹಿಂದಿನ ಗೇಟಿನಿಂದ ರಸ್ತೆಗೆ ಬಂದಿರುತ್ತೇನೆ. ಚಿಕ್ಕಪ್ಪನ ಅಳಿಯ ತನ್ನ ಹೊಸ ಗಾಡಿಯನ್ನು ಅಲ್ಲಿಂದ ಬಿಡಿಸಿಕೊಳ್ಳಲು ಪಡುವ ಪಾಡನ್ನು ಚಿಕ್ಕಪ್ಪನೇ ನಿಂತು ನೋಡಿದ್ದಾರೆ.

ಇಂಥ ಮಾತನ್ನು ಬೆಂಗಳೂರಿನಲ್ಲಿ ನಿಂತು ಹೇಳಬೇಕಾಯಿತಲ್ಲ ಎಂಬುದೇ ನನಗೆ ಅಚ್ಚರಿ. ಚಿಕ್ಕ ಕಾರಿನ ಮೇಲೆ ಈ ಊರಿಗೆ ಇದ್ದಷ್ಟು ನಂಬಿಕೆ ದೇಶದಲ್ಲಿ ಬೇರೆ ಊರಿಗೆ ಇತ್ತೋ ಇಲ್ಲವೋ. 1970ರ ದಶಕದಲ್ಲಿ ಕಾರು ಎಂದರೆ ಅಂಬಾಸಿಡರ್ ಅಥವಾ ಫಿಯಟ್, ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಆ ಕಾಲದಲ್ಲಿ ಇಲ್ಲಿನ ಸನ್‌ರೈಸ್ ಆಟೊಮೋಟಿವ್ ಇಂಡಸ್ಟ್ರೀಸ್ ಎಂಬ ಕಂಪನಿ ‘ಬಾದಲ್’ ಎಂಬ ಮೂರು ಚಕ್ರದ ಕಾರನ್ನು ಮಾಡಿತು. ಫೈಬರ್ ಮೈ, ಹಿಂದುಗಡೆ 200 ಸಿ.ಸಿ.ಗೂ ಒಂದು ಕೂದಲೆಳೆ ಕಡಿಮೆಯ ಸಣ್ಣ ಎಂಜಿನ್ನು. ನೋಡಿದವರು ನಕ್ಕರಂತೆ. ಇಬ್ಬರು ಮಕ್ಕಳ ಸಂಸಾರ ಮಳೆಯಲ್ಲಿ ನೆನೆಯದೆ ಊರೊಳಗೆ ಓಡಾಡಲು ಎಷ್ಟು ಬೇಕು ಎಂದು ಯಾರೋ ಕೂತು ಯೋಚಿಸಿದ್ದರು, ನನಗೆ ಅದು ದೊಡ್ಡದಾಗಿ ಕಾಣುತ್ತದೆ.

ಅದೇ ಕಂಪನಿ ಮುಂದೆ ಸಿಪಾನಿ ಎಂಬ ಹೆಸರಿನಲ್ಲಿ ಪರಿಚಿತವಾಯಿತು. 1982ರಲ್ಲಿ ಅದರ ‘ಡಾಲ್ಫಿನ್’ ಬಂತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ಅಚ್ಚು ಅದು. 848 ಸಿ.ಸಿ.ಯ ನಾಲ್ಕು ಸಿಲಿಂಡರಿನ ಅಲ್ಯೂಮಿನಿಯಂ ಎಂಜಿನ್ನು, ಎರಡೇ ಬಾಗಿಲು, ಮೈ ಮತ್ತೆ ಫೈಬರಿನದೇ. ನಮ್ಮ ಅಜ್ಜಿ ಮನೆಯ ಎದುರು ಸಾಲಿನಲ್ಲಿದ್ದ ಡಾಕ್ಟರ ಹತ್ತಿರ ಒಂದು ಡಾಲ್ಫಿನ್ ಇತ್ತು. ರಜೆಗೆ ಹೋದಾಗ ನಾವು ಮೊಮ್ಮಕ್ಕಳು ಸಾಲಾಗಿ ನಿಂತು ಅದರ ಮೈಗೆ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದೆವು. ತಗಡಿನ ಠಣ್ ಅನ್ನುವ ಸದ್ದು ಬರುತ್ತಿರಲಿಲ್ಲ, ಮಂದವಾದ ಟಪ್ ಟಪ್. ಬೀದಿಯವರೆಲ್ಲ ಅದನ್ನು ಪ್ಲಾಸ್ಟಿಕ್ ಕಾರು ಎನ್ನುತ್ತಿದ್ದರು. ಡಾಕ್ಟರು ಗದರುತ್ತಿರಲಿಲ್ಲ. “ಬಡೀರೋ, ಏನೂ ಆಗಲ್ಲ, ಇದಕ್ಕೆ ತುಕ್ಕು ಹಿಡಿಯೋ ಪ್ರಶ್ನೇನೇ ಇಲ್ಲ” ಎನ್ನುತ್ತಿದ್ದರು. ರಾತ್ರಿ ಯಾರಿಗಾದರೂ ಜ್ವರ ಬಂದರೆ ಗಲ್ಲಿಯ ಕೊನೆಯ ಮನೆಯ ಹೊಸ್ತಿಲಿನವರೆಗೂ ಅದರಲ್ಲೇ ಹೋಗುತ್ತಿದ್ದರು. ಅಂಬಾಸಿಡರ್ ಇದ್ದ ವಕೀಲರು ತಮ್ಮ ಗಾಡಿಯನ್ನು ದೊಡ್ಡ ರಸ್ತೆಯಲ್ಲೇ ಬಿಟ್ಟು ನಡೆದು ಬರುತ್ತಿದ್ದರು.

ಡಾಲ್ಫಿನ್ ಬಂದು ಎರಡು ವರ್ಷ ತುಂಬುವ ಮೊದಲೇ, 1983ರ ಡಿಸೆಂಬರ್ 14ರಂದು, ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಯನ್ನು ಹರ್ಪಾಲ್ ಸಿಂಗ್ ಎಂಬವರ ಕೈಗೆ ಕೊಟ್ಟರು. ಅದರ ಮುಂದೆ ಬೆಂಗಳೂರಿನ ಸಣ್ಣ ಕಾರ್ಖಾನೆ ಎಲ್ಲಿಯದು! ಸುಜುಕಿಯ ಜ್ಞಾನ, ಸರ್ಕಾರದ ಬೆಂಬಲ, ತಗಡಿನ ಮೈ, ನಾಲ್ಕು ಬಾಗಿಲು. ಗೆದ್ದದ್ದೂ ಚಿಕ್ಕ ಕಾರೇ ಆದ್ದರಿಂದ ನನಗೆ ಆ ಸೋಲು ಅರ್ಧವಷ್ಟೇ ನೋಯುತ್ತದೆ. ಮಾರುತಿ 800ರ ಮೂಲ ಜಪಾನಿನ ಕೇ ಕಾರುಗಳಲ್ಲಿದೆ. 3.4 ಮೀಟರ್ ಉದ್ದ, 1.48 ಮೀಟರ್ ಅಗಲ, 660 ಸಿ.ಸಿ., ಇದರೊಳಗೆ ಇದ್ದರೆ ತೆರಿಗೆಯಲ್ಲಿ ರಿಯಾಯಿತಿ ಎಂದು ಆ ದೇಶ ಗೆರೆ ಎಳೆದಿದೆ. ಅಲ್ಲಿ ಇಂದಿಗೂ ಮಾರಾಟವಾಗುವ ಹೊಸ ಕಾರುಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಇಂಥವೇ. ಜಪಾನಿನವರಿಗೆ ದುಡ್ಡಿಲ್ಲ ಎಂದು ಯಾವ ಚಿಕ್ಕಪ್ಪನೂ ಹೇಳಲಾರರು.

ಈ ಊರಿನ ಇಂಥ ಕಾರುಗಳಲ್ಲಿ ನಾನು ಹೇಳಬೇಕಾದ ಮೂರನೆಯದು ರೇವಾ. ಚೇತನ್ ಮೈನಿ ಅವರ ಆ ವಿದ್ಯುತ್ ಕಾರು ಬೆಂಗಳೂರಿನಲ್ಲಿ 2001ರಲ್ಲಿ ರಸ್ತೆಗಿಳಿಯಿತು. 2.6 ಮೀಟರ್ ಉದ್ದ, ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು. ಮುಂದಿನ ಸೀಟಿನ ಕೆಳಗೆ ಸೀಸ-ಆಮ್ಲದ ಎಂಟು ಬ್ಯಾಟರಿಗಳು, ಒಮ್ಮೆ ಚಾರ್ಜ್ ಮಾಡಿದರೆ 80 ಕಿಲೋಮೀಟರ್. ಜಯನಗರದಲ್ಲಿ ಆ ದಿನಗಳಲ್ಲಿ ಕೆಲವು ಮನೆಗಳ ಕಿಟಕಿಯಿಂದ ಹೊರಟ ವೈರು ಕಾಂಪೌಂಡಿನಲ್ಲಿ ನಿಂತ ರೇವಾಕ್ಕೆ ಸೇರಿರುತ್ತಿತ್ತು. ನನ್ನ ಸಹೋದ್ಯೋಗಿಯ ತಾಯಿ, ನಿವೃತ್ತ ಮೇಡಂ, ತರಕಾರಿಗೆ, ದೇವಸ್ಥಾನಕ್ಕೆ, ಸಂಗೀತ ಕಚೇರಿಗೆ ಅದನ್ನೇ ಓಡಿಸುತ್ತಿದ್ದರು. ಅವರ ಮೈಯ ಪಕ್ಕದಲ್ಲೇ ಬಸ್ಸು ಉಜ್ಜಿಕೊಂಡು ಹೋದರೂ ಹೆದರದ ಗಟ್ಟಿಗಿತ್ತಿ. ಲಂಡನ್ನಿನಲ್ಲಿ ಇದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು, ಅಲ್ಲಿ ಅದಕ್ಕೆ ದಟ್ಟಣೆ ಶುಲ್ಕವೂ ಇರಲಿಲ್ಲ. 2010ರಲ್ಲಿ ಕಂಪನಿಯ ಹೆಚ್ಚಿನ ಪಾಲನ್ನು ಮಹೀಂದ್ರಾ ಕೊಂಡಿತು, ಕೆಲ ಕಾಲದಲ್ಲಿ ರೇವಾ ನಿಂತಿತು. ಈಗ ಇಡೀ ದೇಶ ವಿದ್ಯುತ್ ಕಾರಿನ ಮಾತಾಡುತ್ತಿದೆ, ಮಾರಾಟಕ್ಕೆ ಬರುವವುಗಳಲ್ಲಿ ಹೆಚ್ಚಿನವು ದೈತ್ಯಾಕಾರದವು. ಬೆಂಗಳೂರು ಅಂದು ಕೇಳಿಕೊಂಡ ಪ್ರಶ್ನೆ, ಒಬ್ಬ ಮನುಷ್ಯ ದಿನಕ್ಕೆ ಎಷ್ಟು ದೂರ ಹೋಗುತ್ತಾನೆ, ಅದಕ್ಕೆ ಎಷ್ಟು ಕಬ್ಬಿಣ ಬೇಕು ಎಂಬುದು, ಕೇಳಿಸದ ಹಾಗೆ ಆಗಿಹೋಗಿದೆ.

ಟಾಟಾ ನ್ಯಾನೊದ ಕತೆ ಎಲ್ಲರಿಗೂ ಗೊತ್ತು. 2008ರಲ್ಲಿ ತೋರಿಸಿದಾಗ ಹೊಗಳಿದ ಬಾಯಿಗಳೇ ‘ಲಕ್ಷ ರೂಪಾಯಿ ಕಾರು’ ಎಂದು ಕರೆದು ಅದನ್ನು ಮುಗಿಸಿದವು. ಸ್ಕೂಟರಿನ ಮೇಲೆ ನಾಲ್ವರು ಮಳೆಯಲ್ಲಿ ಹೋಗುವುದನ್ನು ಕಂಡು ಹುಟ್ಟಿದ ಕಾರನ್ನು, ಆ ನಾಲ್ವರೇ ಮನೆ ಮುಂದೆ ನಿಲ್ಲಿಸಲು ಹಿಂಜರಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನೆಂಟರ ಪ್ರಶ್ನೆಗೆ ಉತ್ತರ ಕೊಡುವುದು ಎಷ್ಟು ಸುಸ್ತಿನ ಕೆಲಸ ಎಂದು ನನಗೂ ಗೊತ್ತು.

2006ರ ಬಜೆಟ್ಟಿನಲ್ಲಿ ಸರ್ಕಾರವೂ ಚಿಕ್ಕ ಕಾರಿಗೆ ಒಂದು ಗೆರೆ ಎಳೆಯಿತು: ನಾಲ್ಕು ಮೀಟರಿನೊಳಗಿನ ಉದ್ದ, ಪೆಟ್ರೋಲಾದರೆ 1200 ಸಿ.ಸಿ.ಯೊಳಗಿನ ಎಂಜಿನ್ನು, ಇದ್ದರೆ ಸುಂಕ ಕಡಿಮೆ. ಅಗಲಕ್ಕೆ, ಎತ್ತರಕ್ಕೆ, ತೂಕಕ್ಕೆ ಗೆರೆಯೇ ಇಲ್ಲ. ಕಂಪನಿಗಳು ನಾಲ್ಕು ಮೀಟರಿನ ಒಳಗೇ ನಿಂತು ಮೇಲಕ್ಕೂ ಪಕ್ಕಕ್ಕೂ ಬೆಳೆದವು. 2025ರ ಸೆಪ್ಟೆಂಬರಿನಲ್ಲಿ ಜಿ.ಎಸ್.ಟಿ. ಶೇ 28ರಿಂದ ಶೇ 18ಕ್ಕೆ ಇಳಿದಾಗಲೂ ಅದೇ ನಾಲ್ಕು ಮೀಟರಿನ ಅಳತೆ ಉಳಿಯಿತು. ಎತ್ತರದ ಬಾನೆಟ್ಟಿನ ಹಿಂದೆ ಕೂತವರಿಗೆ ಎದುರು ದಾಟುವ ಮಗು ಕಾಣುತ್ತದೆಯೇ ಎಂದು ಆ ಅಳತೆ ಕೇಳುವುದಿಲ್ಲ.

ನಮ್ಮ ಅಡ್ಡರಸ್ತೆ 20 ಅಡಿ, ಅಂದರೆ ಆರು ಮೀಟರಿಗೆ ಒಂದಿಷ್ಟು ಮೇಲೆ. ಎರಡೂ ಪಕ್ಕ ನನ್ನಂಥ ಕಾರು ನಿಂತರೆ ನಡುವೆ ಮೂರು ಮೀಟರ್ ಉಳಿಯುತ್ತದೆ. 1.85 ಮೀಟರ್ ಅಗಲದವು ಎರಡು ಎದುರುಬದುರು ನಿಂತರೆ ಉಳಿಯುವುದು ಎರಡೂವರೆಗೂ ಕಡಿಮೆ. ಕಾಂಪೌಂಡಿಗೆ ಒತ್ತಿ ನಿಲ್ಲಿಸುವವರು ಯಾರೂ ಇಲ್ಲ, ಬಾಗಿಲು ತೆಗೆಯಲು ಜಾಗ ಬಿಡಲೇಬೇಕು, ಕನ್ನಡಿಗಳು ಬೇರೆ ಚಾಚಿಕೊಂಡಿರುತ್ತವೆ. ಕಳೆದ ಮಳೆಗಾಲದಲ್ಲಿ ಕೊನೆಯ ಮನೆಯ ಅಜ್ಜನಿಗೆ ಎದೆನೋವು ಬಂದಾಗ ಆಂಬುಲೆನ್ಸ್ ತಿರುವಿನಲ್ಲೇ ನಿಂತಿತು, ಒಳಗೆ ಬರಲಾಗಲಿಲ್ಲ. ಹುಡುಗರು ಸ್ಟ್ರೆಚರ್ ಹೊತ್ತು ಮಳೆಯಲ್ಲಿ ನಡೆದರು. ಅಜ್ಜ ಉಳಿದುಕೊಂಡರು, ದೇವರ ದಯೆ. ಆದರೆ ಆ ರಾತ್ರಿ ನಾವೆಲ್ಲ ಗೇಟಿನಲ್ಲಿ ನಿಂತು ನೋಡಿದ್ದು ನಮ್ಮದೇ ಕಾರುಗಳ ಸಾಲನ್ನು. ದೊಡ್ಡ ಕಾರು ಕೊಳ್ಳುವುದು ಅವರವರ ದುಡ್ಡಿನ, ಅವರವರ ಇಷ್ಟದ ವಿಷಯ ಎನ್ನುವವರ ಜೊತೆ ನಾನು ಒಪ್ಪಲಾರೆ. ಶೋರೂಮಿನಲ್ಲಿ ಅದು ಅವರವರದು. ಬೀದಿಗೆ ಬಂದ ಮೇಲೆ ಅದು ನಿಲ್ಲುವ ನೆಲ ಎಲ್ಲರದು.

ಸುರಕ್ಷತೆಯ ಮಾತನ್ನು ಎತ್ತದೆ ಇರಲಾರೆ. 2014ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಆಲ್ಟೊ 800ಕ್ಕೆ ಒಂದು ಸ್ಟಾರೂ ಸಿಗಲಿಲ್ಲ. ಅದು ಗೊತ್ತಿದ್ದೇ ನಾನು ಇದನ್ನು ಹೆದ್ದಾರಿಗೆ ಒಯ್ಯುವುದಿಲ್ಲ. ಊರಿಗೆ, ತೀರ್ಥಕ್ಷೇತ್ರಕ್ಕೆ ರೈಲು ಇದೆ, ಬಸ್ಸು ಇದೆ. ಕಾರ್ಡ್ ರಸ್ತೆಯ ನಿಧಾನಕ್ಕೆ ಇದು ಸಾಕು. ಆದರೆ ಚಿಕ್ಕ ಕಾರಿನೊಳಗಿನ ಜೀವವೂ ಜೀವವೇ, ಏರ್‌ಬ್ಯಾಗು, ಗಟ್ಟಿ ಚೌಕಟ್ಟು ಇವೆಲ್ಲ ಮೊದಲು ಬರಬೇಕಾದದ್ದು ಅಲ್ಲಿಗೆ. ಪಕ್ಕದಲ್ಲಿ ಎರಡು ಟನ್ನಿನದು ಓಡುತ್ತದೆ, ಆದ್ದರಿಂದ ನಾನೂ ಎರಡು ಟನ್ನಿನದು ಕೊಳ್ಳಬೇಕು ಎಂದು ಹೊರಟರೆ ಸ್ಕೂಟರಿನವರು, ಸೈಕಲ್ಲಿನವರು, ನಡೆಯುವವರು ಏನು ಕೊಳ್ಳಬೇಕು?

2027ಕ್ಕೆ ನನ್ನ ಕಾರಿಗೆ 15 ತುಂಬುತ್ತದೆ. ಎಕ್ಸ್‌ಚೇಂಜ್ ಆಫರಿನ ಫೋನುಗಳು ಈಗಲೇ ಶುರುವಾಗಿವೆ. ನಾನು ಆರ್.ಟಿ.ಓ.ಗೆ ಹೋಗಿ, ತಪಾಸಣೆ ಮಾಡಿಸಿ, ನವೀಕರಣದ ಶುಲ್ಕ, ಹಸಿರು ತೆರಿಗೆ ಎಲ್ಲ ಕಟ್ಟಿ ಇನ್ನೂ ಐದು ವರ್ಷ ಬರೆಸಿಕೊಳ್ಳುತ್ತೇನೆ. ಆ ಐದು ವರ್ಷ ಮುಗಿಯುವ ಹೊತ್ತಿಗೆ ಮಗಳಿಗೆ 18 ಆಗಿರುತ್ತದೆ. ಕ್ಲಚ್ ಬಿಡುವುದನ್ನು ಇದರಲ್ಲೇ ಕಲಿಯುವುದು ಎಂದು ಅವಳು ಚಿಕ್ಕಪ್ಪನ ಎದುರೇ ಹೇಳಿಬಿಟ್ಟಿದ್ದಾಳೆ.